ಉದ್ಯಾವರದ ನೆಲ, ಹೆಸರು ಮತ್ತು ನಕ್ಷೆ: ಭೌಗೋಳಿಕ ಮಾಹಿತಿ ವ್ಯವಸ್ಥೆಯ ಉನ್ನತ ಅಧ್ಯಯನಕ್ಕೊಂದು ಜಾನಪದ ಪೀಠಿಕೆ

ಉಡುಪಿಯಿಂದ ತೆಂಕಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವವರು ಕೆಲವೇ ನಿಮಿಷಗಳಲ್ಲಿ ಉದ್ಯಾವರದ ಸೇತುವೆಯನ್ನು ದಾಟುತ್ತಾರೆ. ಕೆಳಗೆ ಹರಿಯುವುದು ಪಾಪನಾಶಿನಿ ಎಂದೂ ಉದ್ಯಾವರ ಹೊಳೆ ಎಂದೂ ಕರೆಯಲ್ಪಡುವ ನದಿ. ಸ್ವರ್ಣಾ, ಸೀತಾ ನದಿಗಳ ಮುಂದೆ ಇದು ಕಿರುಹೊಳೆಯೇ ಸರಿ. ಆದರೆ ಇದರ ನಡೆ ಗಮನಾರ್ಹವಾದುದು. ಕಡಲು ತೀರ ಹತ್ತಿರವಿರುವಾಗಲೇ ಹೊಳೆಯು ಬಡಗಣ ದಿಕ್ಕಿಗೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹಲವು ಕಿಲೋಮೀಟರು ಹರಿದು, ಮಲ್ಪೆಯ ಬಂದರಿನ ಬಳಿ ಅಳಿವೆಯನ್ನು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ನೀಳವಾದ ಮರಳಿನ ಪಟ್ಟಿಯೇ ಪಡುಕೆರೆ. ಕೆಲವೆಡೆ ಅದರ ಅಗಲ ಒಂದು ಕೂಗಳತೆಯನ್ನು ಮೀರುವುದಿಲ್ಲ.

ಈ ಹೊಳೆಯ ದಡದಲ್ಲಿಯೇ ಕ್ರಿ.ಶ. 8ನೆಯ ಶತಮಾನದಲ್ಲಿ ಆಳುಪರ ರಾಜಧಾನಿಗಳಲ್ಲಿ ಒಂದಾದ ಉದಯಪುರವಿತ್ತು. ಅಂದಿನ ಅಳಿವೆ ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಉದ್ಯಾವರವನ್ನು ರೇವುಪಟ್ಟಣವೆಂದು ಕರೆಯುವುದು ಅರ್ಧ ಮಾತನ್ನು ಹೇಳಿದಂತೆ. ಅಳಿವೆಯು ಊರಿನ ನೇರ ಪಡುವಲಿಗಿದ್ದಿದ್ದರೆ ಉದ್ಯಾವರ ಕಡಲಿಗೆ ತೆರೆದ ಪಟ್ಟಣ. ಇಂದಿನಂತೆಯೇ ಮಲ್ಪೆಯ ಬಳಿ ಇದ್ದಿದ್ದರೆ ಅದು ಹೊಳೆಯ ಒಳಗಡಗಿದ, ಕಾವಲಿಗೆ ಅನುಕೂಲವಾದ ಪಟ್ಟಣ. ಎರಡರ ಚರಿತ್ರೆ ಬೇರೆ ಬೇರೆ. ಈ ಪ್ರಶ್ನೆ ಶಾಸನತಜ್ಞರದು, ಭೂವಿಜ್ಞಾನಿಗಳದು, ಇತ್ತೀಚಿನ ದಶಕಗಳಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು, ಅಂದರೆ ಜಿಐಎಸ್ ಅನ್ನು, ಉನ್ನತ ಮಟ್ಟದಲ್ಲಿ ಕಲಿಯುತ್ತಿರುವವರದೂ ಹೌದು. ಇದು ಜಾನಪದ ವಿದ್ವಾಂಸರದೂ ಆಗಬೇಕೆಂಬುದು ಪ್ರಸ್ತುತ ಲೇಖನದ ವಾದ. ಉಪಗ್ರಹ ಚಿತ್ರಗಳ ನೆನಪು ಅರ್ಧ ಶತಮಾನದ್ದು. ಸರ್ವೇ ನಕ್ಷೆಗಳದು ಎರಡು ಶತಮಾನಗಳದು. ಉದ್ಯಾವರದ ಬರೆಹದ ಚರಿತ್ರೆಗೆ ಹನ್ನೆರಡು ಶತಮಾನಗಳಿಗೂ ಮಿಕ್ಕ ವಯಸ್ಸು. ನಡುವಿನ ಈ ದೀರ್ಘ ಅವಧಿಯಲ್ಲಿ ನೆಲದ ಬಗೆಗೆ ನಮಗಿರುವ ಆಕರಗಳೆಂದರೆ ಶಾಸನ, ಸ್ಥಳನಾಮ, ಪಾಡ್ದನ ಮತ್ತು ಐತಿಹ್ಯಗಳು ಮಾತ್ರ.

ಶಾಸನದ ಎರಡು ವಿಳಾಸಗಳು

ಉದ್ಯಾವರದ ಶಂಭುಕಲ್ಲು ದೇವಾಲಯದ ಪರಿಸರದ ಶಾಸನಗಳನ್ನು ಇ. ಹುಲ್ಷ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ 9ನೆಯ ಸಂಪುಟದಲ್ಲಿ (1907-08) ಪ್ರಕಟಿಸಿದರು. ಹಳಗನ್ನಡದ ಈ ಶಾಸನಗಳಲ್ಲಿ ಹಲವು ವೀರಗಲ್ಲುಗಳು. ರಣಸಾಗರ, ಚಿತ್ರವಾಹನ, ಶ್ವೇತವಾಹನ, ಪೃಥಿವೀಸಾಗರ, ವಿಜಯಾದಿತ್ಯ ಮೊದಲಾದ ಹೆಸರುಗಳು ಇಲ್ಲಿ ಬರುತ್ತವೆ. ಆಳುಪರ ಮನೆತನದೊಳಗಿನ ಕಲಹದಲ್ಲಿ ಉದಯಪುರಕ್ಕಾಗಿ ಕಾದಿ ಮಡಿದವರ ನೆನಪು ಈ ಕಲ್ಲುಗಳಲ್ಲಿದೆ. ಬಿ.ಎ. ಸಾಲೆತೊರೆ (1936), ಕೆ.ವಿ. ರಮೇಶ್ (1970), ಪಿ. ಗುರುರಾಜ ಭಟ್ಟ (1975) ಇವರೆಲ್ಲರೂ ತಮ್ಮ ಗ್ರಂಥಗಳಲ್ಲಿ ಇವನ್ನು ಚರ್ಚಿಸಿದ್ದಾರೆ. ಆದುದರಿಂದ ರಾಜಕೀಯ ಚರಿತ್ರೆಯ ವಿವರಗಳಿಗೆ ನಾನಿಲ್ಲಿ ಹೋಗುವುದಿಲ್ಲ.

ನಕ್ಷೆಯ ದೃಷ್ಟಿಯಿಂದ ಈ ಕಲ್ಲುಗಳು ಬೇರೊಂದು ಸಮಸ್ಯೆಯನ್ನು ಮುಂದಿಡುತ್ತವೆ. ಜಿಐಎಸ್ ಕಲಿಯುವ ವಿದ್ಯಾರ್ಥಿ ಮೊದಲ ವಾರದಲ್ಲಿಯೇ ತಿಳಿಯುವ ಸಂಗತಿಯೆಂದರೆ, ಭೂಮಿಯ ಮೇಲಿನ ಯಾವುದೇ ವಸ್ತುವನ್ನು ಬಿಂದು, ಗೆರೆ ಅಥವಾ ಬಹುಭುಜ ಎಂಬ ಮೂರು ರೂಪಗಳಲ್ಲಿ ಒಂದಾಗಿ ದಾಖಲಿಸಬೇಕು. ಪ್ರತಿಯೊಂದಕ್ಕೂ ಒಂದು ಗುಣಲಕ್ಷಣ ಪಟ್ಟಿ ಇರಬೇಕು. ವೀರಗಲ್ಲು ಸಹಜವಾಗಿಯೇ ಒಂದು ಬಿಂದುವಾಗುತ್ತದೆ. ಆದರೆ ಯಾವ ಬಿಂದು? ಕಲ್ಲು ಇಂದು ನಿಂತಿರುವ ಸ್ಥಳವೇ, ಮೊದಲು ನೆಟ್ಟ ಸ್ಥಳವೇ, ಅಥವಾ ವೀರನು ಬಿದ್ದ ಸ್ಥಳವೇ? ಕರಾವಳಿಯಲ್ಲಿ ದೇವಾಲಯಗಳ ಜೀರ್ಣೋದ್ಧಾರದ ಸಂದರ್ಭದಲ್ಲಿ ಕಲ್ಲುಗಳು ಅಂಗಳದಿಂದ ಅಂಗಳಕ್ಕೆ ಸರಿದುದನ್ನು ಬಲ್ಲವರಿಗೆ ಈ ಪ್ರಶ್ನೆ ಅತಿಸೂಕ್ಷ್ಮವೆಂದು ತೋರದು. ಪ್ರತಿ ಶಾಸನಕ್ಕೂ ಕನಿಷ್ಠ ಎರಡು ವಿಳಾಸಗಳಿವೆ: ಅದು ನಿಂತಿರುವ ನೆಲ ಮತ್ತು ಅದು ಮಾತನಾಡುವ ನೆಲ. ಇವೆರಡನ್ನೂ ಒಂದೇ ಬಿಂದುವಾಗಿ ಹಾಕಿದ ನಕ್ಷೆ ನೋಡುವುದಕ್ಕೆ ಅಚ್ಚುಕಟ್ಟಾಗಿರುತ್ತದೆ, ಅಷ್ಟೇ.

ಹೆಸರಿನ ವಿಷಯದಲ್ಲಿಯೂ ಇಂಥದೇ ತೊಡಕಿದೆ. ಹುಲ್ಷ್ ಅವರು 'ಉದಿಯಾವರ' ಎಂದು ಬರೆದರು, ಇಂಗ್ಲಿಷ್ ಕಡತಗಳಲ್ಲಿ 'ಉದ್ಯಾವರ್' ಇದೆ, ಕನ್ನಡದಲ್ಲಿ ಉದ್ಯಾವರ. ಇಷ್ಟಕ್ಕೇ ಮುಗಿಯುವುದಿಲ್ಲ. ಮಂಜೇಶ್ವರದ ಬಳಿ, ಇಂದಿನ ಕಾಸರಗೋಡು ಜಿಲ್ಲೆಯಲ್ಲಿ, ಇನ್ನೊಂದು ಉದ್ಯಾವರವಿದೆ. ಅರಸು ದೈವಗಳ ಉದ್ಯಾವರ ಮಾಡ ಇರುವುದು ಅಲ್ಲಿ. ಹೆಸರನ್ನು ಕೊಟ್ಟು ಸ್ಥಳವನ್ನು ಕೇಳಿದಾಗ ಯಂತ್ರವು ಎರಡರಲ್ಲಿ ಯಾವುದನ್ನಾದರೂ ತಂದು ನಿಲ್ಲಿಸಬಹುದು. ಕಾಪುವನ್ನು ಆಡಳಿತದ ಇಂಗ್ಲಿಷ್ 'ಕೌಪ್' ಎಂದಿತು. ಕಾರ್ಕಳವು ತುಳುವರ ಬಾಯಲ್ಲಿ ಕಾರ್ಲ, ಉಡುಪಿ ಒಡಿಪು. ತುಳುವಿನ ಮನೆಮಾತಿನವರು ಹೇಳುವ ಊರುಗಳ ಹೆಸರನ್ನಷ್ಟೇ ಕೇಳಿ ನಕ್ಷೆ ತೆರೆದವನಿಗೆ ಅರ್ಧದಷ್ಟು ಊರುಗಳು ಸಿಗಲಾರವು.

ಅಳೆದವರು ಮತ್ತು ಅಳತೆಗಳು

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರನಾದನು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯನ್ನು ಹಾದುಹೋದನು. ಅವನ ಪ್ರವಾಸ ವೃತ್ತಾಂತ 1807ರಲ್ಲಿ ಅಚ್ಚಾಯಿತು. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಿತಿಯ ಮಹಾಸರ್ವೇಕ್ಷಣೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ಕೆಲವೇ ವರ್ಷಗಳಲ್ಲಿ ತನ್ನ ತ್ರಿಕೋನಗಳ ಸರಪಳಿಯನ್ನು ಮಂಗಳೂರಿನವರೆಗೆ ತಂದನು. ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದು ಅದುವರೆಗಿನ ನಕ್ಷೆಗಳು ಹೇಳುತ್ತಿದ್ದವು. ಅಳೆದು ನೋಡಿದಾಗ ಅದು 360ಕ್ಕೆ ಇಳಿಯಿತು. ನಲವತ್ತು ಮೈಲಿ ನೆಲ ಒಮ್ಮೆಲೇ ಇಲ್ಲವಾಯಿತು! ನಕ್ಷೆಯೆಂದರೆ ನೆಲವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಗೆ ಬೇಕಿಲ್ಲ.

ಈ ಸರ್ವೇಕ್ಷಣೆಯಿಂದ ರೂಪುಗೊಂಡ ಭಾರತೀಯ ಆಧಾರಮಾನಕ್ಕೆ ಕಲ್ಯಾಣಪುರದ ಹೆಸರಿದೆ. ಉಡುಪಿಯ ವಿದ್ಯಾರ್ಥಿ ಅದನ್ನು ಸ್ವರ್ಣಾ ನದಿಯ ದಡದ ನಮ್ಮ ಕಲ್ಯಾಣಪುರವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಮಧ್ಯಪ್ರದೇಶದ ಸಿರೋಂಜ್ ಬಳಿಯ ಒಂದು ಗುಡ್ಡ. ಈ ಹಳೆಯ ಆಧಾರಮಾನದ ನಕ್ಷೆಯನ್ನು ಇಂದಿನ ಉಪಗ್ರಹ ಆಧಾರಿತ ಆಧಾರಮಾನಕ್ಕೆ ಪರಿವರ್ತಿಸದೆ ಹಾಗೆಯೇ ಹೊಂದಿಸಿದರೆ ನಮ್ಮ ಭಾಗದಲ್ಲಿ ಎಲ್ಲವೂ ನೂರು ಮೀಟರಿನ ಆಸುಪಾಸಿನಲ್ಲಿ ಸರಿದು ಕೂರುತ್ತದೆ. ಘಟ್ಟದ ಮೇಲಿನ ಕಾಡಿಗೆ ನೂರು ಮೀಟರು ದೊಡ್ಡದಲ್ಲ. ಪಡುಕೆರೆಯಲ್ಲಿ ಅಷ್ಟು ಸರಿದರೆ ಮನೆ ಕಡಲೊಳಗೋ ಹೊಳೆಯೊಳಗೋ ಬೀಳುತ್ತದೆ. ಹಳೆಯ ನಕ್ಷೆ ಮತ್ತು ಹೊಸ ಚಿತ್ರವನ್ನು ಒಂದರ ಮೇಲೊಂದಿಟ್ಟು "ಕಡಲು ಇಷ್ಟು ಕೊರೆದಿದೆ" ಎಂದು ಹೇಳುವ ಮುನ್ನ ಈ ಲೆಕ್ಕವನ್ನು ತೀರಿಸಿಕೊಳ್ಳಬೇಕಾಗುತ್ತದೆ.

ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆಗಳ ಕ್ರಮದಲ್ಲಿ ಈ ಪ್ರದೇಶವು 48-ಕೆ ವಿಭಾಗಕ್ಕೆ ಸೇರುತ್ತದೆ. 1:50,000 ಪ್ರಮಾಣದ ಹಾಳೆಗಳಲ್ಲಿ ಉದ್ಯಾವರ 48-ಕೆ/11ರಲ್ಲಿ, ಮಣಿಪಾಲ 48-ಕೆ/15ರಲ್ಲಿ, ಕಾಪುವಿನ ದೀಪಸ್ತಂಭ 48-ಕೆ/12ರಲ್ಲಿ, ಕಾರ್ಕಳ 48-ಕೆ/16ರಲ್ಲಿ ಬರುತ್ತವೆ. ನಾಲ್ಕು ಊರು, ನಾಲ್ಕು ಹಾಳೆ. ಒಂದು ದಿನದ ನಡಿಗೆಯ ಸೀಮೆಯೊಳಗೆ ನಡೆಯುವ ದೈವದ ಕಥೆಯೊಂದನ್ನು ಗುರುತಿಸುವುದಕ್ಕೆ ಹಾಳೆಗಳನ್ನು ನೆಲದ ಮೇಲೆ ಹರಡಿ ಅಂಚಿಗೆ ಅಂಚು ಕೂಡಿಸಬೇಕಾಗಿತ್ತು. ಹಾಳೆ ಸಿಗುವುದೇ ಕಷ್ಟವಾಗಿತ್ತು ಎಂಬುದು ಬೇರೆ ಮಾತು. ಕರಾವಳಿ ಮತ್ತು ಗಡಿಯಿಂದ 80 ಕಿಲೋಮೀಟರಿನೊಳಗಿನ ಪ್ರದೇಶದ ನಕ್ಷೆಗಳು 1967ರಿಂದ ನಿರ್ಬಂಧಿತವಾಗಿದ್ದವು. ಅಂದರೆ ಉಡುಪಿ ಜಿಲ್ಲೆಯೆಲ್ಲವೂ ನಿರ್ಬಂಧದೊಳಗೇ ಇತ್ತು. ಈ ಸ್ಥಿತಿ ಸಡಿಲವಾದುದು 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ. ಮುಂದೆ 2021ರ ಫೆಬ್ರವರಿಯ ಮಾರ್ಗಸೂಚಿಗಳು ಮತ್ತು 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಇನ್ನಷ್ಟು ದಾರಿ ತೆರೆದವು. ಇಲ್ಲಿನ ಜಾನಪದ ವಿದ್ವಾಂಸರ ಒಂದು ತಲೆಮಾರು ಕೈಬರಹದ ರೇಖಾಚಿತ್ರಗಳಲ್ಲಿಯೇ ತೃಪ್ತಿಪಟ್ಟುಕೊಂಡಿತು. ಅದಕ್ಕೆ ಆಸಕ್ತಿಯ ಕೊರತೆಯಷ್ಟೇ ಕಾರಣವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಇವೆಲ್ಲಕ್ಕೂ ಮೊದಲಿನ ಅಳತೆಯ ಕ್ರಮ ಬೇರೆಯದು. ತುಳುನಾಡಿನಲ್ಲಿ ಗದ್ದೆಯನ್ನು ಉದ್ದಗಲದಿಂದ ಅಳೆಯುತ್ತಿರಲಿಲ್ಲ. ಅದಕ್ಕೆ ಬಿತ್ತುವ ಬೀಜದಿಂದ ಅಳೆಯುತ್ತಿದ್ದರು. ಇಷ್ಟು ಮುಡಿ ಬೀಜದ ಗದ್ದೆ, ಇಷ್ಟು ಕಳಸೆ ಬೀಜದ ಗದ್ದೆ ಎನ್ನುವುದು ರೂಢಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ನೀರು ನಿಲ್ಲುವ ಬೈಲು, ಅದಕ್ಕಿಂತ ಮೇಲಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂಬ ವರ್ಗೀಕರಣದಲ್ಲಿ ಎತ್ತರ, ನೀರು ಮತ್ತು ಬೆಳೆಗಳ ಸಂಖ್ಯೆ ಮೂರೂ ಒಂದೇ ಶಬ್ದದಲ್ಲಿ ಅಡಕವಾಗಿವೆ. ಇಂದು ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಎತ್ತರದ ಅಂಕಮಾದರಿ, ಇಳಿಜಾರು, ಮಣ್ಣಿನ ತೇವಾಂಶ ಎಂಬ ಮೂರು ಪದರಗಳನ್ನು ಸೇರಿಸಿ ಪಡೆಯುವ ಫಲಿತಾಂಶ ಹೆಚ್ಚುಕಡಿಮೆ ಇದೇ. ಎಕರೆ-ಸೆಂಟ್ಸುಗಳ ಲೆಕ್ಕ ಬಂದಾಗ ಗದ್ದೆಗೆ ಸರ್ವೇ ನಂಬರು ಬಂತು. ಹೆಸರು ಕಡತದಿಂದ ಹೊರಗುಳಿಯಿತು.

ವಿಶ್ವವಿದ್ಯಾನಿಲಯದೊಳಗೆ

ಜಿಐಎಸ್ ಹುಟ್ಟಿದುದು 1960ರ ದಶಕದ ಕೆನಡಾದಲ್ಲಿ. ಆ ದೇಶದ ವಿಶಾಲವಾದ ನೆಲದ ಬಳಕೆಯನ್ನು ಲೆಕ್ಕಹಾಕುವುದಕ್ಕೆ ರೋಜರ್ ಟಾಮ್ಲಿನ್ಸನ್ ನಕ್ಷೆಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ವ್ಯವಸ್ಥೆಯನ್ನು ರೂಪಿಸಿದರು. ಭಾರತದಲ್ಲಿ 1966ರಲ್ಲಿ ಡೆಹರಾಡೂನಿನಲ್ಲಿ ವೈಮಾನಿಕ ಛಾಯಾಚಿತ್ರಗಳ ಅರ್ಥೈಸುವಿಕೆಗೆ ಸಂಸ್ಥೆಯೊಂದು ಆರಂಭವಾಯಿತು; 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಸ್ಥಾಪನೆಗೊಂಡಿತು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಪಗ್ರಹ ಕಕ್ಷೆಗೇರಿದ ಮೇಲೆ ನಮ್ಮದೇ ಚಿತ್ರಗಳು ದೊರೆಯತೊಡಗಿದವು. ಕರ್ನಾಟಕದಲ್ಲಿ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಈ ಕೆಲಸವನ್ನು ಮುನ್ನಡೆಸಿತು. ಜನಸಾಮಾನ್ಯರು ತಾವು ನಿಂತ ನೆಲದ ಸರ್ವೇ ನಂಬರನ್ನು ಮೊಬೈಲಿನಲ್ಲಿ ನೋಡಲು ಸಾಧ್ಯವಾಗಿಸಿದ 'ದಿಶಾಂಕ್' ಅದೇ ಕೇಂದ್ರದ ಕೊಡುಗೆ.

ಕರಾವಳಿಯಲ್ಲಿ ಈ ವಿದ್ಯೆ ಬೇರೂರಿದುದು ಮಾನವಿಕ ವಿಭಾಗಗಳಲ್ಲಿ ಅಲ್ಲ. 1960ರಲ್ಲಿ ಸುರತ್ಕಲ್ಲಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಅಲ್ಲಿನ ಜಲವಿಜ್ಞಾನ ಮತ್ತು ಸಾಗರ ಎಂಜಿನಿಯರಿಂಗ್ ಅಧ್ಯಾಪಕರು ಈ ತೀರವನ್ನು ತಮ್ಮ ಪ್ರಯೋಗಭೂಮಿಯಾಗಿಸಿಕೊಂಡರು. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಡಲ ಭೂವಿಜ್ಞಾನ ವಿಭಾಗವು ಅಳಿವೆಗಳ ಚಲನೆ, ಮರಳುದಿಣ್ಣೆಗಳ ಬೆಳವಣಿಗೆ, ತೀರದ ಸವೆತಗಳನ್ನು ಅಧ್ಯಯನ ಮಾಡಿತು. ನೇತ್ರಾವತಿ-ಗುರುಪುರ, ಮೂಲ್ಕಿ-ಪಾವಂಜೆ, ಉದ್ಯಾವರ, ಸ್ವರ್ಣಾ-ಸೀತಾ ಈ ಅಳಿವೆಗಳು ಹೀಗೆ ಪ್ರಬಂಧಗಳ ವಸ್ತುವಾದವು. 2009ರಲ್ಲಿ ಸುರತ್ಕಲ್ಲಿನ ಜಿ.ಎಸ್. ದ್ವಾರಕೀಶ್ ಮತ್ತು ಸಂಗಡಿಗರು ಉಡುಪಿಯ 95 ಕಿಲೋಮೀಟರು ಕಡಲತೀರದ ಅಪಾಯಸಾಧ್ಯತೆಯನ್ನು ದೂರಸಂವೇದನೆ ಮತ್ತು ಜಿಐಎಸ್ ಮೂಲಕ ಲೆಕ್ಕಹಾಕಿ ಪ್ರಕಟಿಸಿದ ಪ್ರಬಂಧ ಇವುಗಳಲ್ಲಿ ಮುಖ್ಯವಾದುದು. ನೀರು ಒಂದು ಮೀಟರು ಏರಿದರೆ 42.19 ಚದರ ಕಿಲೋಮೀಟರು, ಹತ್ತು ಮೀಟರು ಏರಿದರೆ 372.08 ಚದರ ಕಿಲೋಮೀಟರು ನೆಲ ಮುಳುಗುವುದೆಂದು ಅದು ತೋರಿಸಿತು.

ಇಂಥ ಅಧ್ಯಯನಗಳ ಬೆಲೆಯನ್ನು ಕಡಿಮೆ ಮಾಡುವ ಉದ್ದೇಶ ನನ್ನದಲ್ಲ. ಅವು ಕೇಳುವ ಪ್ರಶ್ನೆ ಬೇರೆ, ಆ ಪ್ರಶ್ನೆಗೆ ಅವು ಕೊಡುವ ಉತ್ತರ ಸಮರ್ಪಕವಾದುದು. ಆದರೆ ಮುಳುಗಬಹುದಾದ ಆ 42 ಚದರ ಕಿಲೋಮೀಟರುಗಳಲ್ಲಿ ಏನೇನಿದೆ ಎಂದು ಕೇಳಿದರೆ ಗುಣಲಕ್ಷಣ ಪಟ್ಟಿ 'ಕೃಷಿಭೂಮಿ', 'ವಸತಿ', 'ಮರಳುತೀರ' ಎಂದಷ್ಟೇ ಹೇಳುತ್ತದೆ. ಬೆಂಗ್ರೆ, ಕೋಡಿ, ಕುದ್ರು, ಪಾದೆ ಎನ್ನುವುದಿಲ್ಲ. ಈ ಶಬ್ದಗಳು ಕೇವಲ ಹೆಸರುಗಳಲ್ಲ. ಬೆಂಗ್ರೆಯೆಂದರೆ ಹೊಳೆ ಮತ್ತು ಕಡಲಿನ ನಡುವಿನ ಮರಳುದಿಣ್ಣೆ. ಕೋಡಿಯೆಂದರೆ ಅದರ ತುದಿ. ಕುದ್ರು ಹೊಳೆಯ ನಡುಗಡ್ಡೆ. ತೀರದಿಂದ ಈಗ ಒಳಗೆ ಉಳಿದುಹೋದ ನೆಲಕ್ಕೆ 'ಕೋಡಿ' ಎಂಬ ಹೆಸರಿದ್ದರೆ, ಅಲ್ಲೊಮ್ಮೆ ಮರಳುದಿಣ್ಣೆ ಕೊನೆಗೊಂಡು ಅಳಿವೆ ತೆರೆದಿತ್ತೇ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ. ಸುತ್ತಲೂ ಗದ್ದೆಯಿರುವ ಜಾಗಕ್ಕೆ 'ಕುದ್ರು' ಎಂದು ಹೆಸರಿದ್ದರೆ ಹೊಳೆಯ ಹಳೆಯ ಕವಲನ್ನು ಹುಡುಕಬಹುದು. ಉದ್ಯಾವರದ ತೆಂಕಣ ನೆರೆಯ ಗ್ರಾಮದ ಹೆಸರು ಕೋಟೆ. ಹೆಸರೊಂದರಿಂದಲೇ ಕೋಟೆಯಿತ್ತೆಂದು ಸಾಧಿಸಲಾಗದು. ಆದರೆ ಭೂವಿಜ್ಞಾನಿ ಎಲ್ಲಿ ಕೊಳವೆ ಇಳಿಸಿ ಮಣ್ಣಿನ ಪದರಗಳನ್ನು ತೆಗೆಯಬೇಕು, ಪುರಾತತ್ತ್ವಜ್ಞ ಎಲ್ಲಿ ಅಗೆಯಬೇಕು ಎಂಬುದಕ್ಕೆ ಸ್ಥಳನಾಮಗಳ ಪದರ ದಿಕ್ಕು ತೋರಬಲ್ಲದು. ಉದಯಪುರದ ಅಳಿವೆಯ ಪ್ರಶ್ನೆಗೆ ನಾನು ಕಾಣುವ ದಾರಿ ಇದೊಂದೇ.

ಸ್ಥಳನಾಮಗಳ ಅಧ್ಯಯನ ಕನ್ನಡಕ್ಕೆ ಹೊಸದಲ್ಲ. ಶಂಬಾ ಜೋಶಿ, ಸೇಡಿಯಾಪು ಕೃಷ್ಣಭಟ್ಟರಂಥವರು ಅದಕ್ಕೆ ಘನತೆ ತಂದುಕೊಟ್ಟರು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ನೆಲಕ್ಕೆ ಸಂಬಂಧಿಸಿದ ಶಬ್ದಗಳ ದೊಡ್ಡ ಕಣಜ. ಕೊರತೆಯಿರುವುದು ಈ ಶಬ್ದಗಳನ್ನು ಅಕ್ಷಾಂಶ-ರೇಖಾಂಶಗಳಿಗೆ ಜೋಡಿಸುವ ಕೆಲಸದಲ್ಲಿ. ಅದಕ್ಕೆ ತಾಂತ್ರಿಕ ಕಾರಣವೂ ಇತ್ತು. ಜಿಐಎಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಶೇಪ್‌ಫೈಲ್ ಎಂಬ ಕಡತರೂಪದಲ್ಲಿ ಪಟ್ಟಿಯ ಕಲಮಿನ ಹೆಸರಿಗೆ ಹತ್ತು ಅಕ್ಷರಗಳ ಮಿತಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡವನ್ನು ತುಂಬಿದರೆ ಬೇರೊಂದು ಯಂತ್ರದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಆದ್ದರಿಂದ ಎಲ್ಲರೂ ಇಂಗ್ಲಿಷಿನಲ್ಲಿ ಬರೆದರು. ಇಂಗ್ಲಿಷಿನಲ್ಲಿ ಬರೆದಾಗ 'ಳ' ಮತ್ತು 'ಲ' ಒಂದಾದವು, ಹ್ರಸ್ವ-ದೀರ್ಘಗಳ ಭೇದ ಅಳಿಯಿತು. ತುಳುವಿನ ವಿಶಿಷ್ಟ ಸ್ವರಗಳ ಗತಿಯನ್ನು ಹೇಳುವುದೇ ಬೇಡ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡಿಗೆ ಸೇರಿದೆ. ಇಂದು ಈ ನೆಪ ಉಳಿದಿಲ್ಲ. ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶ ಲಭ್ಯವಿರುವುದರಿಂದ ಹಣದ ನೆಪವೂ ಇಲ್ಲ.

ಪಾಡ್ದನದ ದಾರಿ

ಜಾನಪದಕ್ಕೂ ನಕ್ಷೆಗೂ ನಂಟು ಹಳೆಯದು. ಫಿನ್ಲೆಂಡಿನ ಜೂಲಿಯಸ್ ಕ್ರೋನ್ ಮತ್ತು ಅವರ ಮಗ ಕಾರ್ಲೆ ಕ್ರೋನ್ ರೂಪಿಸಿದ ಐತಿಹಾಸಿಕ-ಭೌಗೋಳಿಕ ವಿಧಾನದಲ್ಲಿ ಕಥೆಯ ಪಾಠಾಂತರಗಳನ್ನು ಅವು ದೊರೆತ ಊರುಗಳೊಡನೆ ಜೋಡಿಸಿ ಕಥೆಯ ಹರಡುವಿಕೆಯನ್ನು ಗುರುತಿಸುತ್ತಿದ್ದರು. ಮೂಲರೂಪದ ಹುಡುಕಾಟ ಇಂದು ನಮಗೆ ಒಪ್ಪಿಗೆಯಾಗದು. ಆದರೆ ಪ್ರತಿಯೊಂದು ಪಾಠಕ್ಕೂ ಸ್ಥಳ ಮತ್ತು ಕಾಲವನ್ನು ನಮೂದಿಸುವ ಶಿಸ್ತು ಅಲ್ಲಿಂದಲೇ ಬಂದುದು. ಅದೇ ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ಮಾಚಾರು ಗೋಪಾಲ ನಾಯ್ಕರ ಸಿರಿ ಮಹಾಕಾವ್ಯವನ್ನು ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಅದರ ಪಾತ್ರಗಳು ಊರಿಂದೂರಿಗೆ ನಡೆಯುತ್ತಲೇ ಇರುತ್ತವೆ. ಕೋಟಿ-ಚೆನ್ನಯರ ಪಾಡ್ದನವೂ ಪಡುಮಲೆಯಿಂದ ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಸಾಗುವ ದಾರಿಯ ಕಥೆ. ಗಡಿಕಲ್ಲಿನ ವಿವಾದ ಅದರಲ್ಲಿ ಬರುವುದು ಆಕಸ್ಮಿಕವಲ್ಲ.

ಪಾಡ್ದನದಲ್ಲಿ ಸ್ಥಳವೆಂಬುದು ಬಹುಭುಜವಲ್ಲ, ದಾರಿ. ದೈವವು ಘಟ್ಟ ಇಳಿದು ಬರುತ್ತದೆ, ಹೊಳೆ ದಾಟುತ್ತದೆ, ಮರದಡಿ ನಿಲ್ಲುತ್ತದೆ, ಗುತ್ತಿನ ಮನೆಯಲ್ಲಿ ನೆಲೆ ಕೇಳುತ್ತದೆ. ಯಾವ ಊರಿನ ಅನಂತರ ಯಾವ ಊರು ಎಂಬ ಕ್ರಮವೇ ಅಲ್ಲಿನ ಭೂಗೋಳ. ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ಮುಂದಿಟ್ಟ ಕಾಲ-ಭೂಗೋಳದ ಪರಿಕಲ್ಪನೆಯಲ್ಲಿ ವ್ಯಕ್ತಿಯ ಬದುಕು ಸ್ಥಳ ಮತ್ತು ಕಾಲಗಳ ನಡುವೆ ಎಳೆದ ಒಂದು ಗೆರೆ. ಉನ್ನತ ಜಿಐಎಸ್ ತರಗತಿಗಳಲ್ಲಿ ವಾಹನ ಸಂಚಾರಕ್ಕೂ ರೋಗ ಹರಡುವಿಕೆಗೂ ಇದನ್ನು ಬಳಸುತ್ತಾರೆ. ದೈವದ ನಡೆಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಪಾಡ್ದನದ ದಾರಿಯನ್ನು ಎತ್ತರದ ಮಾದರಿಯ ಮೇಲೆ ಹಾಸಿ ನೋಡಿದರೆ ಅದು ಹಳೆಯ ಎತ್ತುಗಾಡಿಯ ದಾರಿಯೇ, ತಲೆಹೊರೆಯ ದಾರಿಯೇ, ಕಡವುಗಳನ್ನು ಜೋಡಿಸುವ ಹೊಳೆದಾರಿಯೇ ಎಂಬುದನ್ನು ಪರೀಕ್ಷಿಸಬಹುದು.

ಗಡಿಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. ವೈ. ಸುಬ್ಬರಾಯಲು ಅವರು 1973ರಲ್ಲಿ ಚೋಳಮಂಡಲದ ರಾಜಕೀಯ ಭೂಗೋಳವನ್ನು ಕುರಿತು ಬರೆದ ಗ್ರಂಥದಲ್ಲಿ ಶಾಸನೋಕ್ತ ಹಳ್ಳಿಗಳನ್ನು ಇಂದಿನ ನಕ್ಷೆಯಲ್ಲಿ ಗುರುತಿಸಿ ನಾಡುಗಳ ಎಲ್ಲೆಗಳನ್ನು ಮರುರಚಿಸಿದರು. ಮುಂದೆ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಅವರ ಮುಂದಾಳ್ತನದಲ್ಲಿ ದಕ್ಷಿಣ ಭಾರತದ ಐತಿಹಾಸಿಕ ಭೂಪಟ ಜಿಐಎಸ್ ರೂಪದಲ್ಲಿ ಸಿದ್ಧವಾಯಿತು. ಆ ವಿಧಾನವನ್ನು ನಾವು ಹಾಗೆಯೇ ಎತ್ತಿಕೊಳ್ಳಲಾಗದು. ಕಾವೇರಿ ಬಯಲಿನ ಹಳ್ಳಿ ಮನೆಗಳು ಒತ್ತಾಗಿ ಕೂಡಿದ ಹಳ್ಳಿ. ಅದನ್ನು ಒಂದು ಬಿಂದುವಾಗಿಸಿದರೆ ಹೆಚ್ಚಿನ ನಷ್ಟವಿಲ್ಲ. ತುಳುನಾಡಿನ ಊರಿನಲ್ಲಿ ಒಂದು ಮನೆ ಬೈಲಿನ ಈ ಕಡೆ, ಇನ್ನೊಂದು ಗುಡ್ಡದ ಆ ಕಡೆ. ಇಲ್ಲಿನ ಘಟಕ ಹಳ್ಳಿಯಲ್ಲ; ಗುತ್ತು, ಗ್ರಾಮ, ಮಾಗಣೆ, ಸೀಮೆ ಎಂಬ ಒಂದರೊಳಗೊಂದು ಅಡಕವಾದ ಸಂಬಂಧಗಳು. ಕೋಲದ ಸಂದರ್ಭದ ಮದಿಪಿನಲ್ಲಿ ಗುತ್ತು-ಬರ್ಕೆಗಳ ಹೆಸರನ್ನು ನಿಗದಿತ ಕ್ರಮದಲ್ಲಿ ಹೇಳುವುದು ಈ ಸಂಬಂಧಗಳ ನವೀಕರಣವೇ. ಒಂದು ಗುತ್ತು ಎರಡು ದೈವಗಳ ಸೀಮೆಗೆ ಸಲ್ಲುವುದುಂಟು. ಆಗ ಗಡಿಗಳು ಒಂದರ ಮೇಲೊಂದು ಬೀಳುತ್ತವೆ. ಕಂದಾಯ ನಕ್ಷೆ ಇದನ್ನು ದೋಷವೆಂದು ಎಣಿಸುತ್ತದೆ, ತಂತ್ರಾಂಶವೂ ಅತಿಕ್ರಮಣದ ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ. ಆದರೆ ಜಿಐಎಸ್ ಶಾಸ್ತ್ರವೇ ಇದಕ್ಕೆ ಪರಿಹಾರ ಹುಡುಕಿದೆ. ಪೀಟರ್ ಬರೋ ಮತ್ತು ಆಂಡ್ರ್ಯೂ ಫ್ರಾಂಕ್ 1996ರಲ್ಲಿ ಸಂಪಾದಿಸಿದ, ಅನಿಶ್ಚಿತ ಗಡಿಗಳುಳ್ಳ ಭೌಗೋಳಿಕ ವಸ್ತುಗಳನ್ನು ಕುರಿತ ಗ್ರಂಥ ಇದಕ್ಕೇ ಮೀಸಲು. ಒಂದು ಸ್ಥಳವು ಒಂದು ಸೀಮೆಗೆ 'ಸೇರಿದೆ' ಅಥವಾ 'ಸೇರಿಲ್ಲ' ಎನ್ನುವ ಬದಲು ಎಷ್ಟರಮಟ್ಟಿಗೆ ಸೇರಿದೆ ಎಂದು ದಾಖಲಿಸುವ ಕ್ರಮ ಅದು. ಮಣ್ಣಿನ ಬಗೆಗಳಿಗೆ ಬಳಸಿದ್ದನ್ನು ಮಾಗಣೆಗಳಿಗೆ ಬಳಸುವುದಕ್ಕೆ ಅಡ್ಡಿಯೇನಿಲ್ಲ.

ಐತಿಹ್ಯವು ನಕ್ಷೆಯಾಗಿ ಮಾರ್ಪಟ್ಟ ಒಂದು ನಿದರ್ಶನ ಉದ್ಯಾವರದ ಮಗ್ಗುಲಲ್ಲಿಯೇ ಇದೆ. ಕೋಟೆ ಗ್ರಾಮದ ಮಟ್ಟುವಿನಲ್ಲಿ ಬೆಳೆಯುವ ಗುಳ್ಳ ಬದನೆಯ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟರೆಂಬುದು ಜನಜನಿತ ಐತಿಹ್ಯ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 1999ರ ಕಾಯಿದೆಯ ಪ್ರಕಾರ ಇಂಥ ಅರ್ಜಿಯ ಜೊತೆಗೆ ಬೆಳೆಯುವ ಪ್ರದೇಶದ ನಕ್ಷೆಯನ್ನು ಲಗತ್ತಿಸಲೇಬೇಕು. ಅಂದರೆ ನಂಬಿಕೆಯೊಂದರ ನೆಲಕ್ಕೆ ಕಾನೂನಿನ ಗೆರೆ ಎಳೆಯಬೇಕಾಯಿತು. ಗೆರೆಯೊಳಗಿನ ಬದನೆ ಮಟ್ಟುಗುಳ್ಳ. ಹೊರಗಿನದು ಬರಿಯ ಗುಳ್ಳ. ಕೃಷಿಕರಿಗೆ ಇದರಿಂದ ಪ್ರಯೋಜನವಾಗಿದೆ, ನಿಜ. ಆದರೆ ನಕ್ಷೆಯನ್ನು ಮುಟ್ಟದ ಜಾನಪದವನ್ನೂ ನಕ್ಷೆಯೇ ಬಂದು ಮುಟ್ಟುತ್ತದೆ ಎಂಬುದಕ್ಕೂ ಇದು ಸಾಕ್ಷಿ. ಗೆರೆ ಎಳೆಯುವವರ ಪಕ್ಕದಲ್ಲಿ ಐತಿಹ್ಯವನ್ನು ಬಲ್ಲವರೊಬ್ಬರು ಕುಳಿತಿರುವುದು ಒಳ್ಳೆಯದು.

ಎಲ್ಲವನ್ನೂ ನಕ್ಷೆಗೆ ಏರಿಸಬೇಕೆಂದು ನಾನು ಹೇಳಲಾರೆ. ನಾಗಬನಗಳು, ದೈವದ ಭಂಡಾರವಿರುವ ಮನೆಗಳು, ಕಾವಲಿಲ್ಲದ ವೀರಗಲ್ಲುಗಳು ಇವುಗಳ ನಿಖರ ಅಕ್ಷಾಂಶ-ರೇಖಾಂಶಗಳನ್ನು ಬಹಿರಂಗಪಡಿಸುವುದು ಕಳ್ಳರಿಗೂ ಭೂವ್ಯವಹಾರದವರಿಗೂ ಕೈಪಿಡಿ ಕೊಟ್ಟಂತೆ. ಸಂಶೋಧಕರ ಪ್ರತಿಯಲ್ಲಿ ನಿಖರತೆ, ಸಾರ್ವಜನಿಕ ಪ್ರತಿಯಲ್ಲಿ ಗ್ರಾಮದ ಮಟ್ಟದ ಗುರುತು ಎಂಬ ಎರಡು ಹಂತಗಳ ಕ್ರಮವನ್ನು ಆರಂಭದಲ್ಲಿಯೇ ಗೊತ್ತುಪಡಿಸಬೇಕು. ಒಪ್ಪಿಗೆ ಕೇಳಬೇಕಾದುದು ಜಮೀನಿನ ಪಹಣಿಯಲ್ಲಿ ಹೆಸರಿರುವವರನ್ನು ಮಾತ್ರವಲ್ಲ, ಅಲ್ಲಿ ದೀಪ ಇಡುವವರನ್ನೂ ಕೂಡ.

ಕಡಲಿನ ಮೇಲೆಯೂ ಇಂಥದೇ ಜ್ಞಾನವಿದೆ. ದಡದ ಎರಡು ಗುರುತುಗಳನ್ನು, ಹಿಂದಿನ ಗುಡ್ಡವನ್ನೂ ಮುಂದಿನ ದೀಪಸ್ತಂಭವನ್ನೋ ತಾಳೆಮರವನ್ನೋ, ಒಂದೇ ಗೆರೆಗೆ ತಂದು, ಇನ್ನೊಂದು ದಿಕ್ಕಿನಲ್ಲಿಯೂ ಹಾಗೆಯೇ ಮಾಡಿ, ನೀರಿನ ಮೇಲೆ ತಾವಿರುವ ಸ್ಥಾನವನ್ನು ಕಂಡುಕೊಳ್ಳುವುದು ಮೀನುಗಾರರ ಹಳೆಯ ಕ್ರಮ. ಲ್ಯಾಂಬ್ಟನ್ನಿನ ತ್ರಿಕೋನವೂ ಇದೇ ತತ್ತ್ವದ್ದು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭಕ್ಕಿಂತ ಮುಂಚೆ ಯಾವ ಗುರುತು ಬಳಕೆಯಲ್ಲಿತ್ತು ಎಂಬುದನ್ನು ಮೊಗವೀರ ಹಿರಿಯರಿಂದ ಕೇಳಿ ದಾಖಲಿಸುವುದು ಸ್ವತಂತ್ರ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ದೋಣಿಗಳಿಗೆ ಜಿಪಿಎಸ್ ಬಂದ ಮೇಲೆ ಆ ಗುರುತುಗಳನ್ನು ಕಲಿಯುವ ಅಗತ್ಯ ಕಿರಿಯರಿಗೆ ಉಳಿದಿಲ್ಲ.

ಉದ್ಯಾವರದಲ್ಲಿ ಕೆಲಸ ಆರಂಭಿಸುವವರಿಗೆ ಕ್ಷೇತ್ರಕಾರ್ಯದ ಅನುಭವದಿಂದ ಒಂದು ಮಾತು ಹೇಳಬಹುದು. ಬಾಕಿಮಾರು, ಕಟ್ಟದ ಗದ್ದೆ, ಕಂಬಳದ ಗದ್ದೆ ಮುಂತಾಗಿ ಗದ್ದೆಗಳ ಹೆಸರನ್ನು ಕೇಳಬೇಕಾದುದು ಮೊದಲು ಯಜಮಾನರನ್ನಲ್ಲ; ನಾಟಿ ಮಾಡಿದ ಹೆಂಗಸರನ್ನು. ಯಜಮಾನರಿಗೆ ಸರ್ವೇ ನಂಬರು ನೆನಪಿರುತ್ತದೆ. ಹೆಂಗಸರಿಗೆ ಕೆಲಸವನ್ನು ಹೇಳುತ್ತಿದ್ದುದು ಗದ್ದೆಯ ಹೆಸರಿನಿಂದ. ಒಂದೊಂದು ಗದ್ದೆಯಲ್ಲಿ ಎಷ್ಟು ಕೆಸರು, ಯಾವ ಮೂಲೆಯಲ್ಲಿ ಉಪ್ಪುನೀರು ಏರುತ್ತದೆ ಎಂಬುದು ಅವರ ಕಾಲಿಗೆ ತಿಳಿದಿತ್ತು. ಈಗ ನಾಟಿಗೆ ಯಂತ್ರ ಬಂದಿದೆ, ಹೊಳೆಬದಿಯ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಕಬಿತ ಹಾಡುತ್ತಾ ನಾಟಿ ಮಾಡಿದ ತಲೆಮಾರಿನ ಹೆಂಗಸರಲ್ಲಿ ಕಿರಿಯರಿಗೂ ಇಂದು ಅರವತ್ತು ದಾಟಿದೆ. ಅವರನ್ನು ಮನೆಯ ಜಗಲಿಯಲ್ಲಿ ಕೂರಿಸಿ ಕೇಳಿದರೆ ಹತ್ತು ಹೆಸರುಗಳು ನೆನಪಾಗುತ್ತವೆ; ಹುಣಿಯ ಮೇಲೆ ಜೊತೆಗೆ ನಡೆದರೆ ಮೂವತ್ತು. ಕೈಯಲ್ಲಿ ಜಿಪಿಎಸ್ ಹಿಡಿದು, ಮಳೆಗಾಲದ ಮೊದಲ ವಾರಗಳಲ್ಲಿ, ಗದ್ದೆಗೆ ನೀರು ನಿಂತಾಗ ಹೋಗುವುದು ಉತ್ತಮ. ಆಗ ಬೈಲು ಯಾವುದು, ಮಜಲು ಯಾವುದು ಎಂಬುದು ಕಣ್ಣಿಗೇ ಕಾಣುತ್ತದೆ.